ಸಂಪರ್ಕವೊಂದರ ಬೆಲೆ

ಬೆಳಗಿನ ಒಂಬತ್ತು ಗಂಟೆಯ ಸಮಯ. ಬನಶಂಕರಿ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳನ್ನೇರುತ್ತಿರುವ ವಿದ್ಯಾರ್ಥಿನಿಯೊಬ್ಬಳು ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೊರಟಿದ್ದಾಳೆ. ಟಿಕೆಟು ಕೊಳ್ಳಲು ಆಕೆ ಸಾಲಿನಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿರುವ ಫೋನಿನಿಂದ ವಾಟ್ಸ್ಆ್ಯಪಿನಲ್ಲಿ ಒಂದು ಸಂದೇಶ ಕಳುಹಿಸುತ್ತಾಳೆ, ಹಣ ತೆರುತ್ತಾಳೆ, ಚೌಕಾಕಾರದ ಕ್ಯೂ.ಆರ್. ಚಿತ್ರವೊಂದು ಪರದೆಯ ಮೇಲೆ ಮೂಡುತ್ತದೆ. ಅದನ್ನು ಪ್ರವೇಶದ್ವಾರದ ಯಂತ್ರಕ್ಕೆ ತೋರಿಸಿದೊಡನೆ ದಾರಿ ತೆರೆಯುತ್ತದೆ. ನಮ್ಮ ಮೆಟ್ರೊ ಈ ಏರ್ಪಾಡನ್ನು ಆರಂಭಿಸಿದುದು 2022ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ.

ವಿದ್ಯಾರ್ಥಿನಿಯ ಕಣ್ಣಿಗೆ ಬೀಳುವುದು ಒಂದೇ ಸಂಭಾಷಣೆ: ಅವಳ ಫೋನಿಗೂ ವಾಟ್ಸ್ಆ್ಯಪಿಗೂ ನಡುವಿನದು. ಅದರ ಹಿಂದೆ ಆಕೆ ಕಾಣದ ಹಲವು ಸಂಭಾಷಣೆಗಳಿವೆ. ವಾಟ್ಸ್ಆ್ಯಪಿನ ಮೂಲಕ ವ್ಯವಹಾರ ನಡೆಸುವ ಸಂಸ್ಥೆಗಳಿಗೆಲ್ಲ ಸಾಮಾನ್ಯವಾದ ಕ್ರಮ ಇದು: ಗ್ರಾಹಕರ ಸಂದೇಶ ಬಂದೊಡನೆ ವಾಟ್ಸ್ಆ್ಯಪಿನ ಸರ್ವರ್, ಸಂಸ್ಥೆಯು ಮೊದಲೇ ತಿಳಿಸಿರುವ ಜಾಲವಿಳಾಸಕ್ಕೆ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಸಂಸ್ಥೆಯ ಪ್ರೋಗ್ರಾಮು ಅದನ್ನು ಓದಿ, ಕೊಡಬೇಕಾದ ಉತ್ತರವನ್ನು ಮತ್ತೊಂದು ಕೋರಿಕೆಯ ರೂಪದಲ್ಲಿ ವಾಟ್ಸ್ಆ್ಯಪಿಗೆ ಒಪ್ಪಿಸುತ್ತದೆ. ನಡುವೆ ಹಣ ಸಂದಾಯವಾಯಿತೇ ಎಂದು ವಿಚಾರಿಸಬೇಕು; ಟಿಕೆಟನ್ನು ಸಿದ್ಧಪಡಿಸಬೇಕು. ಇಂಥ ವಿಚಾರಣೆ ಒಂದೊಂದೂ ಒಂದು ಕಂಪ್ಯೂಟರು ಇನ್ನೊಂದಕ್ಕೆ ಹಾಕುವ ಪ್ರಶ್ನೆಯಾಗಬಹುದು. ಸರ್ವರ್ ಎಂದರೆ ಸೇವೆ ಸಲ್ಲಿಸುವ ಯಂತ್ರ. ಆದರೆ ಅಂಗಡಿಯಾತನೇ ಮಂಡಿಗೆ ಹೋದಾಗ ಗಿರಾಕಿಯಾಗುವಂತೆ, ಈ ಗಳಿಗೆಯಲ್ಲಿ ಅದು ಬೇರೊಂದು ಸರ್ವರ್‌ನ ಗಿರಾಕಿಯಾಗಿರುತ್ತದೆ.

ಪ್ರೋಗ್ರಾಮು ಬರೆಯುವವನು ಈ ಕೆಲಸಕ್ಕೆ ಸಾಮಾನ್ಯವಾಗಿ ಒಂದೇ ಸಾಲು ಬರೆಯುತ್ತಾನೆ: 'ಈ ವಿಳಾಸಕ್ಕೆ ಹೋಗಿ ಉತ್ತರ ತಾ'. ಆ ಸಾಲಿನ ಹಿಂದೆ ಮಾತ್ರ ಅನೇಕ ನಿರ್ಧಾರಗಳು ಅಡಗಿರುತ್ತವೆ. ಪ್ರತಿ ಸಲವೂ ಹೊಸ ಸಂಪರ್ಕವನ್ನು ಕಲ್ಪಿಸಬೇಕೇ, ಹಳೆಯದನ್ನೇ ಬಳಸಬೇಕೇ? ಏಕಕಾಲದಲ್ಲಿ ಎಷ್ಟು ಸಂಪರ್ಕಗಳಿರಬಹುದು? ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು? ಎದುರಿನ ಯಂತ್ರ ನಿಜವಾಗಿಯೂ ನಾವು ಕರೆದ ಯಂತ್ರವೇ? ನಾವು ಉತ್ತರಿಸದಿದ್ದರೆ ಇವುಗಳಿಗೆ ಬೇರೆ ಯಾರೋ ಮೊದಲೇ ಉತ್ತರಿಸಿಟ್ಟಿರುತ್ತಾರೆ. ಅವರಿಗೆ ಬನಶಂಕರಿಯ ಜನಸಂದಣಿಯ ಅರಿವಿರುವುದಿಲ್ಲ. ಆದುದರಿಂದ ಈ ನಿರ್ಧಾರಗಳನ್ನು ಲೆಕ್ಕ ಹಾಕಿ ನಾವೇ ಕೈಗೊಳ್ಳುವುದು ಹೇಗೆಂಬುದನ್ನು ವಿಚಾರಮಾಡೋಣ.

ಬೆಳಕಿನ ಸುಂಕ

ಮೊದಲು ಭೌತಶಾಸ್ತ್ರದಿಂದಲೇ ಹೊರಡೋಣ. ಶೂನ್ಯದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಸಂದೇಶಗಳನ್ನು ಹೊತ್ತೊಯ್ಯುವ ಗಾಜಿನ ಎಳೆಯ ವಕ್ರೀಭವನಾಂಕ ಸುಮಾರು 1.5 ಆಗಿರುವುದರಿಂದ, ಅದರೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ಕೇಬಲಿನ ಹಾದಿ 1,000 ಕಿಲೋಮೀಟರು ಎಂದಿಟ್ಟುಕೊಂಡರೆ, ಹೋಗಲು 5 ಮಿಲಿಸೆಕೆಂಡು, ಮರಳಲು 5, ಒಟ್ಟು 10 ಮಿಲಿಸೆಕೆಂಡು ಬೇಕು. ಕೇಬಲಿನ ಹಾದಿ 15,000 ಕಿಲೋಮೀಟರಿರುವ ಪರದೇಶದ ಸರ್ವರ್‌ಗೆ ಹೋಗಿಬರಲು 150 ಮಿಲಿಸೆಕೆಂಡು ಬೇಕು. ದಾರಿಯ ಯಂತ್ರಗಳಲ್ಲಿ ಆಗುವ ತಡವನ್ನು ನಾವಿಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎಷ್ಟೇ ಹಣ ಸುರಿದರೂ, ಎಂಥ ಕಂಪ್ಯೂಟರು ತಂದರೂ ಅದೇ ಎಳೆಯಲ್ಲಿ ಈ ಕಾಲವನ್ನು ಇದಕ್ಕಿಂತ ಕಡಿಮೆ ಮಾಡಲಾಗದು. ಇದು ಬೆಳಕು ನಮ್ಮ ಮೇಲೆ ಹೇರಿರುವ ಸುಂಕ.

ಈ ಸುಂಕವನ್ನು ಎಷ್ಟು ಸಲ ಕಟ್ಟಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಹೊಸ ಸಂಪರ್ಕವೊಂದು ಏರ್ಪಡುವ ಬಗೆಯನ್ನು ನೋಡಿ. ಮೊದಲು ನಮ್ಮ ಯಂತ್ರ 'ಮಾತನಾಡಬಹುದೇ?' ಎಂದು ಕೇಳುತ್ತದೆ. ಎದುರಿನದು 'ಆಗಬಹುದು, ನನ್ನ ಮಾತು ಕೇಳಿಸುತ್ತಿದೆಯೇ?' ಎನ್ನುತ್ತದೆ. ನಮ್ಮದು 'ಕೇಳಿಸುತ್ತಿದೆ' ಎನ್ನುತ್ತದೆ. ಟಿ.ಸಿ.ಪಿ. ಎಂಬ ನಿಯಮಾವಳಿಯ ಈ ಕೈಕುಲುಕುವಿಕೆಗೆ ಒಂದು ಹೋಗಿಬರುವಿಕೆಯ ಕಾಲ ಹಿಡಿಯುತ್ತದೆ. ಬಳಿಕ ಮಾತು ಪರರ ಕಿವಿಗೆ ಬೀಳದಂತೆ ಗೂಢಲಿಪಿಯ ಕೀಲಿಕೈಗಳನ್ನು ಗೊತ್ತುಮಾಡಿಕೊಳ್ಳಬೇಕು. ಟಿ.ಎಲ್.ಎಸ್. ಎಂಬ ಈ ಕ್ರಮದ 1.2ನೆಯ ಆವೃತ್ತಿಯಲ್ಲಿ ಅದಕ್ಕೆ ಎರಡು ಹೋಗಿಬರುವಿಕೆಗಳು ಬೇಕಾಗಿದ್ದವು. 2018ರಲ್ಲಿ ಪ್ರಕಟವಾದ 1.3ನೆಯ ಆವೃತ್ತಿಯಲ್ಲಿ ಒಂದು ಸಾಕು. ಇವೆಲ್ಲ ಮುಗಿದ ಮೇಲೆಯೇ ನಮ್ಮ ನಿಜವಾದ ಪ್ರಶ್ನೆ ಹೊರಡುವುದು. ಅದಕ್ಕೆ ಮತ್ತೊಂದು.

ಆ ಪರದೇಶದ ಸರ್ವರ್‌ಗೆ, ಒಂದರ ಉತ್ತರ ಬಂದ ಮೇಲೆ ಇನ್ನೊಂದರಂತೆ, ಐದು ಪ್ರಶ್ನೆಗಳನ್ನು ಹಾಕಬೇಕಾಗಿದೆ ಎಂದುಕೊಳ್ಳೋಣ. ಪ್ರತಿಯೊಂದಕ್ಕೂ ಹೊಸ ಸಂಪರ್ಕವನ್ನು ಕಲ್ಪಿಸಿದರೆ, ಹೊಸ ಕ್ರಮದಲ್ಲಿಯೂ ಒಂದೊಂದಕ್ಕೆ 450 ಮಿಲಿಸೆಕೆಂಡು. ಒಟ್ಟು ಎರಡೂಕಾಲು ಸೆಕೆಂಡು. ಮೊದಲ ಸಂಪರ್ಕವನ್ನೇ ತೆರೆದಿಟ್ಟುಕೊಂಡು ಉಳಿದ ನಾಲ್ಕನ್ನೂ ಅದರಲ್ಲಿಯೇ ಕೇಳಿದರೆ, 450ಕ್ಕೆ ನಾಲ್ಕು 150ಗಳನ್ನು ಸೇರಿಸಿ 1,050 ಮಿಲಿಸೆಕೆಂಡು. ಕಾಲ ಅರ್ಧಕ್ಕಿಂತ ಕಡಿಮೆಯಾಯಿತು.

ಉಳಿತಾಯ ಇಷ್ಟಕ್ಕೇ ಮುಗಿಯುವುದಿಲ್ಲ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜಾಲದ ದಟ್ಟಣೆಯಿಂದಾಗಿ ಸಂಚಾರವೇ ಕುಸಿದುಬಿದ್ದಿತು. ಇದನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಅದರಂತೆ ಹೊಸ ಸಂಪರ್ಕವು ಮೊದಲು ಕೆಲವೇ ಪೊಟ್ಟಣಗಳನ್ನು ಕಳುಹಿಸಿ, ಅವು ತಲುಪಿದ ಸುದ್ದಿ ಬಂದ ಮೇಲೆ ಇಮ್ಮಡಿ ಮಾಡುತ್ತ ನಿಧಾನವಾಗಿ ವೇಗವನ್ನೇರಿಸಿಕೊಳ್ಳುತ್ತದೆ. ಹೊಸ ಸಂಪರ್ಕವೆಂದರೆ ನಿಲ್ದಾಣದಿಂದ ಆಗತಾನೆ ಹೊರಟ ರೈಲು. ಬಳಕೆಯಲ್ಲಿರುವ ಸಂಪರ್ಕ ಆಗಲೇ ವೇಗ ಹಿಡಿದ ರೈಲು.

ತೆರೆದಿಟ್ಟ ಬಾಗಿಲು

ಜಾಲದ ಮಾತುಕತೆಗೆ ಬಳಸುವ ಎಚ್.ಟಿ.ಟಿ.ಪಿ. ನಿಯಮಾವಳಿ 1996ರಲ್ಲಿ ಮೊದಲು ಗ್ರಂಥಸ್ಥವಾದಾಗ ಒಂದು ಪ್ರಶ್ನೆಗೆ ಒಂದು ಸಂಪರ್ಕ ಎಂಬುದೇ ರೂಢಿಯಾಗಿತ್ತು. ಉತ್ತರ ಮುಗಿದೊಡನೆ ಬಾಗಿಲು ಮುಚ್ಚುತ್ತಿತ್ತು. 1997ರ ಪರಿಷ್ಕೃತ ಆವೃತ್ತಿಯು, ಬೇಡವೆನ್ನದಿದ್ದರೆ ಬಾಗಿಲು ತೆರೆದೇ ಇರಲಿ ಎಂದು ವಿಧಿಸಿತು. 2015ರ ಆವೃತ್ತಿಯಂತೂ ಒಂದೇ ಸಂಪರ್ಕದೊಳಗೆ ಅನೇಕ ಪ್ರಶ್ನೋತ್ತರಗಳು ಏಕಕಾಲದಲ್ಲಿ ಹರಿಯುವಂತೆ ಮಾಡಿತು.

ಆದರೆ ನಿಯಮಾವಳಿ ಅವಕಾಶ ಕೊಟ್ಟ ಮಾತ್ರಕ್ಕೆ ಪ್ರೋಗ್ರಾಮು ಅದನ್ನು ಉಪಯೋಗಿಸಿಕೊಳ್ಳುತ್ತದೆಂದು ಹೇಳುವಂತಿಲ್ಲ. ಸರ್ವರ್‌ಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ನೋಡ್ ಜೆ.ಎಸ್. ಎಂಬ ವ್ಯವಸ್ಥೆಯಲ್ಲಿ ಹೊರಹೋಗುವ ಸಂಪರ್ಕಗಳನ್ನು ನೋಡಿಕೊಳ್ಳಲು 'ಏಜೆಂಟ್' ಎಂಬ ಭಾಗವಿದೆ. 2022ರ ಅಕ್ಟೋಬರಿನಲ್ಲಿ 19ನೆಯ ಆವೃತ್ತಿ ಬರುವವರೆಗೆ, ಬೇಕೆಂದು ನಾವಾಗಿ ಹೇಳದ ಹೊರತು ಅದು ಕೆಲಸ ಮುಗಿದ ಸಂಪರ್ಕವನ್ನು ಮುಂದಿನ ಬಳಕೆಗೆಂದು ತೆರೆದಿಡುತ್ತಿರಲಿಲ್ಲ. ಗೋ ಎಂಬ ಭಾಷೆಯಲ್ಲಿ ಸಂಪರ್ಕಗಳನ್ನು ಕಾದಿಡುವ ಏರ್ಪಾಡು ಮೊದಲಿನಿಂದ ಇದೆ. ಆದರೆ ಹಳೆಯ ಎಚ್.ಟಿ.ಟಿ.ಪಿ. ಆವೃತ್ತಿಯ ಸಂಪರ್ಕಗಳಾದರೆ, ಒಂದೊಂದು ಸರ್ವರ್‌ಗೆ ಎರಡನ್ನು ಮಾತ್ರ ಬಿಡುವಿನಲ್ಲಿ ಇರಿಸಿಕೊಳ್ಳುವುದು ಅದರ ಪೂರ್ವನಿಶ್ಚಿತ ಮಿತಿ. ಏಕಕಾಲಕ್ಕೆ ಐವತ್ತು ಕೋರಿಕೆಗಳು ಹೋಗಿ ಮುಗಿದರೆ, ಎರಡು ಬಾಗಿಲುಗಳು ಉಳಿದು ನಲವತ್ತೆಂಟು ಮುಚ್ಚಿಕೊಳ್ಳುತ್ತವೆ. ಮರುಕ್ಷಣವೇ ಅವನ್ನು ಮತ್ತೆ ತೆರೆಯಬೇಕಾಗಬಹುದು.

ಹೀಗೆ ತೆರೆದು ಮುಚ್ಚುತ್ತಲೇ ಇದ್ದರೆ ಕಾಲವಷ್ಟೇ ಅಲ್ಲ, ಬಾಗಿಲುಗಳೂ ಮುಗಿದುಹೋಗುತ್ತವೆ. ಹೊರಹೋಗುವ ಪ್ರತಿ ಸಂಪರ್ಕಕ್ಕೂ ನಮ್ಮ ಯಂತ್ರ ಪೋರ್ಟ್ ಎಂಬ ಒಂದು ಸಂಖ್ಯೆಯನ್ನು ಕೊಡುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆಂದು ಮೀಸಲಾದ ಸಂಖ್ಯೆಗಳು ಸಾಮಾನ್ಯವಾಗಿ 32,768ರಿಂದ 60,999ರವರೆಗೆ, ಅಂದರೆ 28,232. ಸಂಪರ್ಕವನ್ನು ಮೊದಲು ಮುಚ್ಚಿದವರು ನಾವಾದರೆ, ದಾರಿಯಲ್ಲಿ ಅಡ್ಡಾಡುತ್ತಿರುವ ಹಳೆಯ ಪೊಟ್ಟಣಗಳು ಹೊಸ ಮಾತಿನೊಳಗೆ ನುಗ್ಗದಿರಲೆಂದು ಆ ಸಂಖ್ಯೆಯನ್ನು 60 ಸೆಕೆಂಡು ತೆಗೆದಿರಿಸಲಾಗುತ್ತದೆ. 28,232ನ್ನು 60ರಿಂದ ಭಾಗಿಸಿ ನೋಡಿ: ಒಂದೇ ವಿಳಾಸದ ಒಂದೇ ಸರ್ವರ್‌ಗೆ ನಾವು ಸೆಕೆಂಡಿಗೆ ಸುಮಾರು 470ಕ್ಕಿಂತ ಹೆಚ್ಚು ಹೊಸ ಸಂಪರ್ಕಗಳನ್ನು ಬಹುಕಾಲ ನಡೆಸಿಕೊಂಡು ಹೋಗಲಾರೆವು. ಯಂತ್ರಕ್ಕೆ ದಣಿವಿಲ್ಲ, ಕೇಬಲು ಖಾಲಿಯಿದೆ. ಆದರೂ ಕೋರಿಕೆ ಹೊರಡದು. ಇಂಥ ಸಂದರ್ಭದಲ್ಲಿ ಕಾರಣ ತಿಳಿಯದೆ ಹೊಸ ಯಂತ್ರವನ್ನು ಕೊಳ್ಳುವವರೂ ಉಂಟು. ಬೇಕಾದುದು ಭಾಗಾಕಾರದ ಒಂದು ಲೆಕ್ಕ ಮಾತ್ರ.

ತೆರೆದಿಡುವುದರಲ್ಲಿಯೂ ವಿವೇಕವಿರಬೇಕು. ಎದುರಿನ ಸರ್ವರ್ ಬಿಡುವಾಗಿರುವ ಸಂಪರ್ಕವನ್ನು 5 ಸೆಕೆಂಡಿಗೆ ಮುಚ್ಚುವಂಥದಾದರೆ, ನಾವು ಅದನ್ನು 4 ಸೆಕೆಂಡಿಗೇ ಕೈಬಿಡುವುದು ಲೇಸು. ಇಲ್ಲವಾದರೆ ಅದು ಬಾಗಿಲು ಮುಚ್ಚುವ ಕ್ಷಣವೂ ನಾವು ಪ್ರಶ್ನೆ ಕಳುಹಿಸುವ ಕ್ಷಣವೂ ಒಂದೇ ಆಗಿ, ಪ್ರಶ್ನೆ ನಡುದಾರಿಯಲ್ಲಿ ಬಿದ್ದುಹೋಗಬಹುದು.

ಎಷ್ಟು ಸಂಪರ್ಕಗಳು?

ಈ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ಕೋಪನ್ ಹೇಗನ್ನಿನ ಟೆಲಿಫೋನು ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ, ಕರೆಗಳ ಬರುವಿಕೆಯ ಗಣಿತವನ್ನು 1909ರಷ್ಟು ಹಿಂದೆಯೇ ಪ್ರಕಟಿಸಿದ್ದ. ಇಂತಿಷ್ಟು ಕರೆಗಳಿಗೆ ಎಷ್ಟು ತಂತಿಗಳು ಬೇಕೆಂಬುದರ ಲೆಕ್ಕ ಅಲ್ಲಿಂದ ಬೆಳೆಯಿತು. ಟೆಲಿಫೋನು ದಟ್ಟಣೆಯ ಮಾನಕ್ಕೆ ಇಂದಿಗೂ ಅವನ ಹೆಸರೇ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಂಥ ಕಾರ್ಖಾನೆಗಳ ಎಂಜಿನಿಯರುಗಳಿಗೆ ಇದು ಪರಿಚಿತ ಶಾಸ್ತ್ರ. 1961ರಲ್ಲಿ ಜಾನ್ ಲಿಟ್ಲ್ ಎಂಬವರು ಸಾಧಿಸಿ ತೋರಿಸಿದ ಸರಳ ನಿಯಮವೊಂದು ನಮಗಿಲ್ಲಿ ಸಾಕು: ವ್ಯವಸ್ಥೆಯೊಳಗೆ ಸರಾಸರಿಯಾಗಿ ಇರುವವರ ಸಂಖ್ಯೆಯು, ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗಿರುವ ಕಾಲದಿಂದ ಗುಣಿಸಿದಷ್ಟು.

ಸೆಕೆಂಡಿಗೆ 200 ಕೋರಿಕೆಗಳು ಹೋಗುತ್ತವೆ, ಒಂದೊಂದಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹಿಡಿಯುತ್ತದೆ ಎಂದುಕೊಳ್ಳೋಣ. ಆಗ ಸರಾಸರಿ 10 ಸಂಪರ್ಕಗಳು ಕೆಲಸದಲ್ಲಿರುತ್ತವೆ. ಏರುಪೇರಿಗೆಂದು 20 ಇಟ್ಟುಕೊಂಡರೆ ನೆಮ್ಮದಿ. ಈಗ ಎದುರಿನ ಸರ್ವರ್‌ಗೆ ಏನೋ ತೊಂದರೆಯಾಗಿ ಉತ್ತರಕ್ಕೆ 2 ಸೆಕೆಂಡು ತೆಗೆದುಕೊಳ್ಳತೊಡಗಿತು. ಬರುವ ಪ್ರಯಾಣಿಕರ ಸಂಖ್ಯೆ ಬದಲಾಗಿಲ್ಲ; ಆದರೆ ಬೇಕಾಗುವ ಸಂಪರ್ಕಗಳು 400! ಮಿತಿಯಿಲ್ಲದಿದ್ದರೆ ನಮ್ಮ ಪ್ರೋಗ್ರಾಮು 400ನ್ನೂ ತೆರೆದು, ಮೊದಲೇ ಬಳಲಿದ ಆ ಯಂತ್ರದ ಮೇಲೆ ಇನ್ನಷ್ಟು ಭಾರವನ್ನು ಹೇರುತ್ತದೆ. ಮಿತಿಯಿದ್ದರೆ ಕೆಲವು ಕೋರಿಕೆಗಳು ನಮ್ಮಲ್ಲಿಯೇ ಸಾಲಿನಲ್ಲಿ ನಿಲ್ಲುತ್ತವೆ. ಸಾಲು ತೀರ ಬೆಳೆದರೆ 'ಸ್ವಲ್ಪ ಹೊತ್ತಿನ ಮೇಲೆ ಪ್ರಯತ್ನಿಸಿ' ಎಂದು ಪ್ರಯಾಣಿಕರಿಗೆ ಹೇಳಬಹುದು. ಜನ ತುಂಬಿದ ವೇದಿಕೆಗೆ ಇನ್ನಷ್ಟು ಜನ ಇಳಿಯದಂತೆ ಮೇಲಿನ ಬಾಗಿಲಲ್ಲಿಯೇ ತಡೆಯುವುದು ನಿರ್ದಯತೆಯಲ್ಲ, ರಕ್ಷಣೆ.

ಎಷ್ಟು ಹೊತ್ತು ಕಾಯಬೇಕು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕಾಲೇಜಿನ ತಾರಸಿಯ ಮೇಲೆ ಉಷ್ಣತಾಮಾಪಕವೊಂದನ್ನು ಇರಿಸಿ, ನಿಮಿಷಕ್ಕೊಮ್ಮೆ ಅದರ ಅಂಕಿಯನ್ನು ದೂರದ ಸರ್ವರ್‌ಗೆ ಕಳುಹಿಸುವ ಪುಟ್ಟ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದೆ. ಒಂದು ರಾತ್ರಿ ಎದುರಿನ ಯಂತ್ರ ಕೋರಿಕೆಯನ್ನು ಸ್ವೀಕರಿಸಿ, ಉತ್ತರ ಕೊಡದೆ ಮೌನವಾಯಿತು. ನನ್ನ ಪ್ರೋಗ್ರಾಮು ಬೆಳಗಿನವರೆಗೂ ಆ ಉತ್ತರಕ್ಕಾಗಿ ಕಾದು ಕುಳಿತಿತ್ತು. ದೋಷವೂ ವರದಿಯಾಗಲಿಲ್ಲ, ಕೆಲಸವೂ ನಡೆಯಲಿಲ್ಲ. ವಿದ್ಯಾರ್ಥಿಗಳು ಎಳೆದ ವಕ್ರರೇಖೆಯಲ್ಲಿ ಒಂಬತ್ತು ಗಂಟೆಗಳ ಕಂದಕವೊಂದು ಉಳಿಯಿತು. ಪೈಥಾನಿನ ರಿಕ್ವೆಸ್ಟ್ಸ್ ಎಂಬ ಪ್ರಸಿದ್ಧ ಸಾಧನವು, ನಾವು ಹೇಳದಿದ್ದರೆ ಕಾಲಮಿತಿಯನ್ನೇ ಇಟ್ಟುಕೊಳ್ಳುವುದಿಲ್ಲ. ಗೋ ಭಾಷೆಯ ಪೂರ್ವನಿಶ್ಚಿತ ಕ್ರಮವೂ ಹಾಗೆಯೇ. ಅದರ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಬರೆದಿತ್ತು, ನಾನು ಓದಿರಲಿಲ್ಲ.

ತಾರಸಿಯ ಉಷ್ಣತಾಮಾಪಕ ಒಂದೇ ಒಂದು. ಸೆಕೆಂಡಿಗೆ 200 ಕೋರಿಕೆಗಳಿರುವಲ್ಲಿ ಹೀಗಾದರೆ ಒಂದು ನಿಮಿಷದಲ್ಲಿ 12,000 ಕೋರಿಕೆಗಳು ಕಾಯುತ್ತ ನಿಂತು, ಬೇರಾವ ದೋಷವೂ ಇಲ್ಲದ ನಮ್ಮ ಸರ್ವರ್ ನೆನಪಿನ ಜಾಗವೆಲ್ಲ ತುಂಬಿ ಬಿದ್ದುಹೋಗಬಹುದು. ಆದುದರಿಂದ ಸಂಪರ್ಕ ಏರ್ಪಡಲು ಒಂದು ಮಿತಿ, ಒಟ್ಟು ಉತ್ತರಕ್ಕೆ ಇನ್ನೊಂದು ಮಿತಿ ಇರಬೇಕು. ಅವು ಊಹೆಯ ಅಂಕಿಗಳಾಗಿರದೆ, ಅಳತೆಯಿಂದ ಬಂದವುಗಳಾಗಿರಬೇಕು. ದ್ವಾರದ ಮುಂದೆ ನಿಂತ ವಿದ್ಯಾರ್ಥಿನಿ ಐದು ಸೆಕೆಂಡು ಕಾಯಬಲ್ಲಳಾದರೆ, ಒಳಗಿನ ಒಂದು ವಿಚಾರಣೆಗೆ ಮೂವತ್ತು ಸೆಕೆಂಡಿನ ಮಿತಿಯನ್ನಿಡುವುದರಲ್ಲಿ ಅರ್ಥವಿಲ್ಲ.

ಮಿತಿ ಮೀರಿದಾಗ ಮತ್ತೆ ಕೇಳುವುದು ಸಹಜ. ಆದರೆ ಇಲ್ಲಿಯೂ ಎರಡು ಅಪಾಯಗಳಿವೆ. ಒಂದರ ಹಿಂದೊಂದರಂತೆ ನಾಲ್ಕು ಸರ್ವರ್‌ಗಳಿದ್ದು, ಪ್ರತಿಯೊಂದೂ ತನ್ನ ಮುಂದಿನದನ್ನು ಮೂರು ಸಲ ಕೇಳಿದರೆ, ಕೊನೆಯದರ ಮೇಲೆ ಬೀಳುವ ಕೋರಿಕೆಗಳು 27. ನೆಲಕ್ಕೆ ಬಿದ್ದವನನ್ನು ಎಬ್ಬಿಸಲು ಇಪ್ಪತ್ತೇಳು ಮಂದಿ ಅವನ ಮೇಲೆಯೇ ಮುಗಿಬಿದ್ದಂತೆ! ಇದಕ್ಕೆ ಪರಿಹಾರವೆಂದರೆ, ಮರುಪ್ರಯತ್ನ ಒಂದು ಹಂತದಲ್ಲಿ ಮಾತ್ರ ನಡೆಯಬೇಕು. ಸಲದಿಂದ ಸಲಕ್ಕೆ ಅಂತರ ಇಮ್ಮಡಿಯಾಗಬೇಕು. ಎಲ್ಲರೂ ಒಂದೇ ಕ್ಷಣದಲ್ಲಿ ಮರಳಿ ಬಾರದಂತೆ ಆ ಅಂತರ ತುಸು ಯಾದೃಚ್ಛಿಕವಾಗಿರಬೇಕು. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಅಲೋಹಾ ಎಂಬ ರೇಡಿಯೋ ಜಾಲದಲ್ಲಿ, ಡಿಕ್ಕಿಯಾದ ಸಂದೇಶಗಳನ್ನು ಹೀಗೆ ಯಾದೃಚ್ಛಿಕ ಕಾಲದ ನಂತರ ಮತ್ತೆ ಕಳುಹಿಸಲಾಗುತ್ತಿತ್ತು.

ಎರಡನೆಯ ಅಪಾಯ ಹಣಕ್ಕೆ ಸಂಬಂಧಿಸಿದುದು. ಉತ್ತರ ಬರಲಿಲ್ಲವೆಂದರೆ ಕೆಲಸ ಆಗಲಿಲ್ಲವೆಂದು ಅರ್ಥವಲ್ಲ. 'ಹಣವನ್ನು ಕಡಿತಮಾಡು' ಎಂಬ ಕೋರಿಕೆ ತಲುಪಿ, ಕೆಲಸ ನಡೆದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಮತ್ತೆ ಕೇಳಿದರೆ ಎರಡು ಸಲ ಕಡಿತ! ಆದ್ದರಿಂದ ಇಂಥ ಪ್ರತಿ ಕೋರಿಕೆಗೂ ಒಂದು ಅನನ್ಯ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಕೆಲಸವನ್ನು ಮತ್ತೆ ಮಾಡದೆ ಹಳೆಯ ಉತ್ತರವನ್ನೇ ಹೇಳುವಂತೆ ಎರಡು ಕಡೆಯವರೂ ಒಪ್ಪಿಕೊಂಡಿರಬೇಕು.

ಯಾವ ಬಾಗಿಲು? ಯಾರ ಗುರುತು?

ಇನ್ನುಳಿದುದು ಸಂಪರ್ಕದ ಎರಡು ತುದಿಗಳ ಗುರುತಿನ ವಿಚಾರ. ಮೊದಲು ನಮ್ಮ ತುದಿ. ಬನಶಂಕರಿಗೆ ಸಮೀಪದ ಜೆ.ಪಿ. ನಗರದಲ್ಲಿ ಕಚೇರಿಯುಳ್ಳ ಜೆರೋಧಾ ಮೊದಲಾದ ಷೇರು ದಲ್ಲಾಳಿ ಸಂಸ್ಥೆಗಳು, ಗ್ರಾಹಕರು ತಾವೇ ಪ್ರೋಗ್ರಾಮು ಬರೆದು ಖರೀದಿ ಮಾರಾಟದ ಆದೇಶಗಳನ್ನು ಕಳುಹಿಸಲು ಅನುವು ಮಾಡಿಕೊಟ್ಟಿವೆ. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ, 2025ರ ಫೆಬ್ರವರಿ 4ರ ಸುತ್ತೋಲೆಯಲ್ಲಿ ಇಂಥ ಸಂಪರ್ಕಗಳು ದಲ್ಲಾಳಿಯ ಬಳಿ ಮೊದಲೇ ನೋಂದಾಯಿಸಿದ ಸ್ಥಿರ ಜಾಲವಿಳಾಸದಿಂದ ಬರಬೇಕೆಂದು ವಿಧಿಸಿತು. ಆದೇಶ ಯಾರದೆಂದು ಗುರುತು ಹಚ್ಚಲು ಅನುಕೂಲವಾಗಲೆಂಬುದು ಇದರ ಉದ್ದೇಶ. ಒಂದು ಯಂತ್ರಕ್ಕೆ ಎರಡು ಮೂರು ವಿಳಾಸಗಳಿರುವುದು ಸಾಮಾನ್ಯ. ನೋಂದಾಯಿಸಿದುದು ಹಳೆಯ ಮಾದರಿಯ ನಾಲ್ಕನೆಯ ಆವೃತ್ತಿಯ ವಿಳಾಸವಾಗಿದ್ದು, ಯಂತ್ರ ತಾನಾಗಿ ಹೊಸದಾದ ಆರನೆಯ ಆವೃತ್ತಿಯ ವಿಳಾಸದಿಂದ ಹೊರಟರೆ, ಆದೇಶ ಸರಿಯಿದ್ದರೂ ತಿರಸ್ಕೃತವಾಗಬಹುದು. ಆಗ ಯಾವ ವಿಳಾಸದಿಂದ ಹೊರಡಬೇಕೆಂದು ಪ್ರೋಗ್ರಾಮಿಗೆ ನಾವೇ ಹೇಳಬೇಕು.

ಎದುರಿನ ತುದಿಯ ಗುರುತು ಇನ್ನೂ ಮುಖ್ಯವಾದುದು. ಗೂಢಲಿಪಿಯ ಮಾತುಕತೆಗೆ ಮುನ್ನ ಎದುರಿನ ಸರ್ವರ್ ತನ್ನ ಪ್ರಮಾಣಪತ್ರವನ್ನು ತೋರಿಸುತ್ತದೆ. ನಮ್ಮ ಯಂತ್ರ ತಾನು ನಂಬುವ ಪ್ರಾಧಿಕಾರಗಳ ಪಟ್ಟಿಯೊಡನೆ ಅದನ್ನು ಒರೆಹಚ್ಚಿ ನೋಡುತ್ತದೆ. ಸಂಸ್ಥೆಯೊಳಗಿನ ಸರ್ವರ್‌ಗಳು ಹಲವೊಮ್ಮೆ ಸಂಸ್ಥೆಯೇ ಸಹಿ ಮಾಡಿದ ಪತ್ರವನ್ನು ತೋರಿಸುವುದರಿಂದ ಪರೀಕ್ಷೆ ವಿಫಲವಾಗುತ್ತದೆ. ಆಗ ಅವಸರದಲ್ಲಿರುವವನು ಪರೀಕ್ಷೆಯನ್ನೇ ನಿಲ್ಲಿಸಿಬಿಡುತ್ತಾನೆ. ಪ್ರೋಗ್ರಾಮು ನಡೆಯುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಆದರೆ ಅಂದಿನಿಂದ ಅದು ಯಾವ ನಕಲಿ ಪತ್ರವನ್ನಾದರೂ ನಂಬುತ್ತದೆ. ಗೂಢಲಿಪಿಯೇನೋ ಇದೆ, ಗುಟ್ಟನ್ನು ಯಾರ ಕಿವಿಯಲ್ಲಿ ಹೇಳುತ್ತಿದ್ದೇವೆಂಬುದು ಮಾತ್ರ ಗೊತ್ತಿಲ್ಲ. ಸರಿಯಾದ ಮಾರ್ಗವೆಂದರೆ ಸಂಸ್ಥೆಯ ಪ್ರಾಧಿಕಾರವನ್ನು ನಂಬಿಕೆಯ ಪಟ್ಟಿಗೆ ಸೇರಿಸುವುದು. ಅದು ಹೆಚ್ಚೆಂದರೆ ಅರ್ಧ ದಿನದ ಕೆಲಸ.

ನಾವು ಇಲ್ಲಿಯವರೆಗೆ ನೋಡಿದ ನಿರ್ಧಾರಗಳಲ್ಲಿ ಯಾವುದೂ ಬಹುಕಷ್ಟದ್ದಲ್ಲ; ಭಾಗಾಕಾರ, ಗುಣಾಕಾರ, ಗಡಿಯಾರ, ಇವಿಷ್ಟರ ಬಳಕೆ ತಿಳಿದವರಿಗೆ ಎಲ್ಲವೂ ಎಟಕುವಂಥವು. ಪೂರ್ವನಿಶ್ಚಿತವಾದ ಅಂಕಿಗಳನ್ನು ಮಾಡಿದವರು ದಡ್ಡರಲ್ಲ. ಎಲ್ಲರಿಗೂ ಒಗ್ಗಲೆಂದು ಹೊಲಿದ ಅಂಗಿ ಅದು. ತೊಡುವ ಮುನ್ನ ನಮ್ಮ ಮೈಯ ಅಳತೆಯನ್ನು ನಾವು ತೆಗೆದುಕೊಳ್ಳಬೇಕು. ಓದುಗರಲ್ಲಿ ಪ್ರೋಗ್ರಾಮು ಬರೆಯುವವರಿದ್ದರೆ, ಇಂದೇ ತಮ್ಮದೊಂದನ್ನು ತೆರೆದು, ಅದು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತದೆ ಎಂಬುದೊಂದನ್ನು ಹುಡುಕಿ ನೋಡಲಿ. ಅಂಕಿಯೇ ಸಿಗದಿದ್ದರೆ, ಅದು ನನ್ನ ತಾರಸಿಯ ಪ್ರೋಗ್ರಾಮಿನಂತೆ ಒಂದು ರಾತ್ರಿ ಬೆಳಗಿನವರೆಗೂ ಕಾದು ಕುಳಿತೀತು.